ನನ್ನ ಮೈದುನ ಐಕ್ಯ ಆಗಲಿಲ್ಲ

ಸೊಸಿ ಮೊನ್ನೆ ನಿಲಂಗಾ ಕಡಿ ತನ್ನ ತವರಿಗಿ ಹೋಗಿದ್ಳು. ತಿರುಗಿ ನಮ್ಮ ಮುರುಮ ಊರಿಗಿ ಬಂದ ದಿನ ಎಸ್ಟಿ ಬಸ್ಸಿನ ಧೂಳಾ ಸುದ್ದಾ ಝಾಡಿಸದೆ ಸೀದಾ ನನ್ನ ಬಾಜೂಕ ಬಂದು ಕುಂತು, ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪುಡಿಕಿ ತಗದ್ಳು. "ಅತ್ತಿ, ನಿಮ್ಮ ಸಲುವಾಗೇ ತಂದೀನ್ರಿ. ಗವಿ ಅಜ್ಜನ ಗದ್ದುಗಿ ವಿಭೂತಿ. ನಮ್ಮ ಮನಿತನದಾವರೇ ಅಂತಲ್ರಿ ಅವರು," ಅಂತ ಪುಡಿಕಿ ಬಿಚ್ಚಿ ನನ್ನ ಹಣಿಗಿ ಹಚ್ಚಲಿಕ್ಕೆ ಬೆರಳು ಅದ್ದಿದ್ಳು.

ಬೆರಳು ಹಣಿಗಿ ಮುಟ್ಟೋಕಿಂತ ಮೊದಲೇ ಮೂಗಿಗಿ ವಾಸನಿ ಬಡೀತು. ಖರೇ ವಿಭೂತಿಗಿ ಸುಟ್ಟ ಸಗಣಿ ವಾಸನಿ ಇರ್ತದ. ಇದಕ್ಕ ಅದಿರಲಿಲ್ಲ. ಇದು ಹುಟ್ಟಿದಾಗಿಂದ ಬಿಸಿಲೇ ಕಾಣದ ಕಲ್ಲಿನ ವಾಸನಿ, ಒದ್ದಿ ಸುಣ್ಣಗಲ್ಲಿನ ವಾಸನಿ. ಈ ವಾಸನಿ ಹಚಗೊಂಡು ಒಬ್ಬಾಂವ ನಮ್ಮ ಹಿತ್ತಲ ಬಾಗಲಿಂದ ಕಳ್ಳನ ಹಂಗ ಒಳಗ ಬರ್ತಿದ್ದ, "ವೈನಿ, ಮೊದಲ ನೀರು ಕಾಸ್ರಿ, ಅವ್ವ ನೋಡ್ಯಾಳು" ಅಂತಿದ್ದ... ಅಂವನ ಅಂಗಿ ತೊಳದು ತೊಳದು ನನ್ನ ಕೈಗೂ ಅದೇ ವಾಸನಿ ಹತ್ತಿತ್ತು.

"ದೂರ ಒಯ್ಯಿ ಅದನ್ನ!" ಅಂತ ಒದರಿದೆ. ಸೊಸಿ ಬೆಚ್ಚಿ ಬಿದ್ಳು. ಪಾಪ, ಆಕಿದೇನೂ ತಪ್ಪಿಲ್ಲ. ಆದ್ರ ನನಗ ಸಿಟ್ಟು ಬಂದ್ರ ಎದುರಿಗಿ ಯಾರು ಇದ್ದಾರ ಅನ್ನೋದು ಕಾಣಂಗಿಲ್ಲ. ಅಜ್ಜ ಅಂತ! ಯಾವ ಅಜ್ಜ? ಮೀಸಿ ಸುದ್ದಾ ನೆಟ್ಟಗ ಕೂಡಿರಲಿಲ್ಲ ಆ ಅಜ್ಜಗ. ಅಂವಾ ನನ್ನ ಮೈದುನ, ನಮ್ಮನಿಯವರ ತಮ್ಮ. ಅಂವಾ ಶರಣ ಅಲ್ಲ, ಸಂತ ಅಲ್ಲ, ಐಕ್ಯ ಅಂತೂ ಆಗೇ ಇಲ್ಲ. ಅಂವನ್ನ ಸಾಯಲಿಕ್ಕೆ ಬಿಟ್ಟು ಮ್ಯಾಲ ಕಟ್ಟಿ ಕಟ್ಟಿದ್ರು. ಇದನ್ನ ನಾ ಇಷ್ಟು ವರ್ಷ ಎಲ್ಲಾರ ಮುಂದೂ ಹೇಳೀನಿ. ಕೇಳಿದಾವ್ರು ತಲಿ ಅಳ್ಳಾಡಿಸಿ, ಮುದುಕಿಗಿ ಅರುಳು ಮರುಳು ಅಂತ ಎದ್ದು ಹೋಗ್ಯಾರ. ಅವತ್ತು ಸೊಸಿನ್ನ ಕುಂಡ್ರಿಸಿಕೊಂಡು ಮೊದಲಿಂದ ಹೇಳಿದೆ. ಅದನ್ನೇ ಇಲ್ಲೂ ಹೇಳ್ತೀನಿ.

ನಾ ಆ ಮನಿಗಿ ನಡಿಲಿಕ್ಕೆ ಬಂದಾಗ ನಿಜಾಮನ ರಾಜ್ಯ. ತಹಸೀಲಿ ಕಚೇರ್ಯಾಗ ಉರ್ದೂ, ಸಂತ್ಯಾಗ ಮರಾಠಿ, ಒಲಿ ಮುಂದ ಕನ್ನಡ. ನಮ್ಮನಿಯವರದು ಉದಗೀರದಾಗ ಅರಬಿ ಅಂಗಡಿ, ಸೀರಿ ಧೋತರ ಮಾರೋದು. ಅಲ್ಲೇ ಇದ್ದು ಹಬ್ಬ ಹುಣ್ಣಿವಿಗಿ ಊರಿಗಿ ಬರ್ತಿದ್ರು. ಊರಾಗ ಹೊಲ ಮನಿ ನೋಡಲಿಕ್ಕೆ ಮೈದುನ, ಅತ್ತಿ, ನಾನು. ಮಾವನವರು ನಾ ಬರೂಕಿಂತ ಮೊದಲೇ ತೀರಿಕೊಂಡಿದ್ರು. ಊರು ನಿಲಂಗಾಕ್ಕೂ ದೂರ, ಉದಗೀರಕ್ಕೂ ದೂರ. ನಮ್ಮ ಹೊಲದ ಕೆಳಗ ಒಂದು ಹಳ್ಳ ಭೂಮಿ ಸೀಳಿಕೊಂಡು ಮಾಂಜ್ರಾ ನದಿ ಕಡಿ ಇಳೀತದ. ಎರಡೂ ದಂಡಿಗಿ ಸುಣ್ಣದ ಕಲ್ಲಿನ ಎತ್ತರ ಗ್ವಾಡಿ. ಅದಕ್ಕ ಸುಣ್ಣದರಿ ಅಂತ ಹೆಸರು. ಸುಣ್ಣಗಾರರು ಅಲ್ಲೇ ಕಲ್ಲು ಒಡದು ಅಲ್ಲೇ ಭಟ್ಟಿ ಹಾಕಿ ಸುಡ್ತಿದ್ರು. ಆ ಗ್ವಾಡಿ ತುಂಬ ಗವಿ ಅವ. ಕುರಿ ಕಾಯೋರು ಮಳಿ ಬಂದ್ರ ಬಾಯಾಗ ನಿಲ್ತಿದ್ರು ಅಷ್ಟೇ. ಒಳಗ ಹೋದಾಂವ ಇಂವಾ ಒಬ್ಬನೇ.

ನಾನೂ ಅಂವನೂ ವಾರಿಗಿಯವರು, ಒಂದೇ ವಯಸ್ಸು. ಬಾಯಿ ಅಂದ್ರ ಬಾಯಿ ಅಂವಂದು! ಹೊಲಕ್ಕ ಹೋಗ್ತೀನಂತ ಹೋಗೋದು, ಎತ್ತು ಆಳಿನ ಕೈಗಿ ಕೊಟ್ಟು ದರಿಗಿ ಇಳಿಯೋದು. ಮುಂಜಾನಿ ಪೂಜಾ ಅಂದ್ರ ಲಿಂಗದ ಮ್ಯಾಲ ಎರಡು ಹನಿ ನೀರು ಚಿಮುಕಿಸಿ, "ಆತು ಅವ್ವಾ" ಅಂತ ರೊಟ್ಟಿ ಬುಟ್ಟಿಗಿ ಕೈ ಹಾಕ್ತಿದ್ದ. ಹಿತ್ತಲದಾಗ ಬಣವಿ ಹಿಂದ ಕುಂತು ಬೀಡಿ ಸೇದ್ತಿದ್ದ. ಲಗ್ನದ ಮಾತು ತಗದ್ರ, "ಅವ್ವಾ, ನನ್ನ ಲಗ್ನ ಗವಿ ಕೂಡ ಆಗ್ಯಾದ, ಇನ್ನೊಂದು ಸಂಸಾರ ಒಲ್ಲೆ" ಅಂತ ನಗಿಸ್ತಿದ್ದ. ನೆನಪಿಟ್ಕೋರಿ ಈ ಮಾತು. ಅಂವನ ಒಂದೊಂದು ಚ್ಯಾಷ್ಟಿ ಮಾತೂ ಆಮ್ಯಾಲ ಅಂವನ ಎದಿ ಮ್ಯಾಲ ಕಲ್ಲಾಗಿ ಕುಂತವ.

ಗವಿ ಹುಚ್ಚು ಯಾಕ ಹಿಡೀತು ಅಂತ ನಾ ಒಮ್ಮೆ ಕೇಳಿದ್ದೆ. ಬ್ಯಾಸಿಗ್ಯಾಗ ಹಳ್ಳದ ನೀರು ದರ್ಯಾಗ ಒಂದು ಬಿರುಕಿನೊಳಗ ನುಸುಳಿ ಮಾಯ ಆಗ್ತಿತ್ತು. ಕೆಳಗ ಬರೀ ಉಸುಕು. "ಹೋದ ನೀರು ಎಲ್ಲಿ ಹೋಗ್ತದ್ರಿ ವೈನಿ? ಎಲ್ಲರೆ ಏಳಲೇಬೇಕಲ್ಲ?" ಅಂದಿದ್ದ. ಅಷ್ಟೇ. ಅದೊಂದು ಪ್ರಶ್ನಾ ಅಂವನ ತಲ್ಯಾಗ ಹುಳದಂಗ ಹೊಕ್ಕು ಕುಂತಿತ್ತು.

ಒಂದು ದಿನ ನನ್ನ ಅಡಗಿ ಮನ್ಯಾಗಿನ ಅರಿಶಿಣದ ಮಡಕಿ ಖಾಲಿ. ಹಬ್ಬಕ್ಕಂತ ಕುಟ್ಟಿ ಇಟ್ಟಿದ್ದೆ. ಯಾವ ಬೆಕ್ಕು ಅರಿಶಿಣ ತಿಂತದ? ಇಂವಾ ಒಯ್ದು ಆ ಬಿರುಕಿನ ನೀರಿನ್ಯಾಗ ಸುರುವಿ ಬಂದಿದ್ದ. ಮರುದಿನ ಊರ ಕೆಳಗಿನ ಝರಿ ಹಳದಿ ಆತು! ದರಿ ಎಲ್ಲಿ, ಝರಿ ಎಲ್ಲಿ. ಅಂವನ ಪ್ರಶ್ನಾಕ್ಕ ಉತ್ತರ ಸಿಕ್ಕಿತ್ತು. ಆದ್ರ ನೀರಿಗಿ ಬಂದ ಹೆಂಗಸರು ನೋಡಿದ್ದು ಬ್ಯಾರೆ. ಗಂಗವ್ವ ತಾಯಿ ಅರಿಶಿಣ ಮಿಂದಾಳ ಅಂತ ಊರು ತುಂಬ ಒಂದೇ ಗದ್ದಲ. ನಮ್ಮ ಅತ್ತಿನೇ ಮುಂದ ನಿಂತು ಝರಿಗಿ ಉಡಿ ತುಂಬಿದ್ರು, ಆರತಿ ಬೆಳಗಿದ್ರು. ಇಂವಾ ಬಣವಿ ಹಿಂದ ಬಿದ್ದು ಹೊಟ್ಟಿ ಹಿಡಕೊಂಡು ನಗಲಿಕ್ಕತ್ತಿದ್ದ.

"ಹೋಗಿ ಹೇಳೋ, ಇದು ನನ್ನ ಕೆಲಸ ಅಂತ," ಅಂದೆ.

"ಇರ್ಲಿ ಬಿಡ್ರಿ ವೈನಿ. ಅಪ್ಪ ಹೋದ ಮ್ಯಾಲ ಅವ್ವ ಇಷ್ಟು ನಕ್ಕದ್ದು ಇದೇ ಮೊದಲು."

ಇದಕ್ಕ ಏನನ್ಬೇಕು? ಒಳ್ಳೆ ಮನಸ್ಸಿನಿಂದಾನೇ ಸುಮ್ಮನಿದ್ದ. ಆದ್ರೂ ಆ ಮಾತಿಗಿ ನನಗ ಇವತ್ತಿಗೂ ಅಂವನ ಮ್ಯಾಲ ಸಿಟ್ಟದ. ಅವತ್ತೇ ಹೋಗಿ, ಅವ್ವಾ, ಇದು ದೇವರಲ್ಲ, ವೈನಿ ಅರಿಶಿಣ ಅಂತ ಅಂದಿದ್ರ ಊರ ಮಂದಿ ಒಂದಿಷ್ಟು ಬೈದು ಮರೀತಿದ್ರು. ಅನ್ನಲಿಲ್ಲ. ನಕ್ಕ. ಜನಕ್ಕ ಚಟ ಹತ್ತಿಸಿದ.

ನಾ ಗವ್ಯಾಗ ಹೋದದ್ದು ಅದೇ ಬ್ಯಾಸಿಗಿಗಿ. ಹೊಲಕ್ಕ ಬುತ್ತಿ ಒಯ್ದಿದ್ದೆ. ಇಂವಾ ಎಂದಿನ್ಹಂಗ ಹೊಲದಾಗಿಲ್ಲ, ದರ್ಯಾಗ. ಬೈಬೇಕಂತ ಇಳಿದು ಹೋದೆ. ಬೈಸಿಕೊಂಡು, "ಒಂದ್ಸಲ ಬಂದು ನೋಡ್ರಿ ವೈನಿ, ಆಮ್ಯಾಲ ಎಷ್ಟು ಬೇಕಾದ್ರೂ ಬೈರಿ," ಅಂದ. ನನಗೇನು ಹುಚ್ಚು ಹಿಡಿದಿತ್ತೋ, ಸೀರಿ ಕಚ್ಚಿ ಹಾಕಿ ಅಂವನ ಕಂದೀಲದ ಹಿಂದ ಮೊಣಕಾಲೂರಿ ನುಸುಳಿದೆ. ಬಾಯಿ ಭಾಳ ಸಣ್ಣದು. ಮಂಡಿ ತರಚಿ ರಕ್ತ ಬಂತು, ಮನಸ್ಸಿನ್ಯಾಗ ಅಂವಗ ಎಲ್ಲಾ ಬೈಗುಳಾ ಬೈದೆ. ಆಮ್ಯಾಲ ತಲಿ ಎತ್ತಿದ್ರ...

ಅಯ್ಯ ನನ್ನ ಶಿವನೇ, ಏನು ಹೇಳಲಿ. ನಮ್ಮ ಪಡಸಾಲಿಗಿಂತ ದೊಡ್ಡ ಜಾಗ. ಮ್ಯಾಲಿಂದ ಕಲ್ಲು ಇಳಿಬಿದ್ದಾವ, ಕೋಲಿಗಿ ಹಾಕಿದ ಶಾವಿಗಿ ಹಂಗ, ಬೆಳ್ಳಗ, ತೆಳ್ಳಗ. ಒಂದೊಂದರ ತುದಿಗಿ ಒಂದೊಂದು ಹನಿ ನೀರು. ಎಲ್ಲೋ ಒಳಗ ನೀರು ಹರಿಯೋ ಸಪ್ಪಳ. ಹೊರಗ ಎದಿ ಸುಡೋ ಬಿಸಲು, ಇಲ್ಲಿ ಮೈ ಝುಂ ಅನ್ನೋ ತಂಪು. ನಾ ಆ ಮನ್ಯಾಗ ಕಾಲಿಟ್ಟ ಮ್ಯಾಲ ನೋಡಿದ್ದು ಒಲಿ, ಬಾವಿ, ಬೀಸೋಕಲ್ಲು. ನನಗ ಅಳುನೇ ಬಂತು. ಇಂವಾ ಕಂದೀಲ ಎತ್ತಿ ಹಿಡಕೊಂಡು ನಿಂತ, ನಾ ಸಾಕಷ್ಟು ನೋಡೋತನಕ.

ಗ್ವಾಡ್ಯಾಗ ಒಂದು ಗೂಡಿನಂಥ ಜಾಗ ಇತ್ತು, ಒಬ್ಬ ಮನುಷ್ಯಾ ಕುಂಡ್ರೋವಷ್ಟು. ನಮ್ಮ ಮಂದ್ಯಾಗ ಸತ್ತವರನ್ನ ಕುಂಡ್ರಿಸೇ ಮಣ್ಣು ಮಾಡ್ತಾರ, ಕುಣಿಯೊಳಗ ಅದಕ್ಕಂತ ಒಂದು ಗೂಡು ಕೊರೀತಾರ. ನೋಡಲಿಕ್ಕೆ ಥೇಟ್ ಅದೇ. ಇಂವಾ ಜಿಗಿದು ಅದರೊಳಗ ಪದ್ಮಾಸನ ಹಾಕಿ ಕುಂತು, ಕಣ್ಣು ಅರ್ಧ ಮುಚ್ಚಿ, ನಮ್ಮ ಮಠದ ಅಯ್ಯನವರ ಧ್ವನಿ ತಗದ. "ಭಕ್ತರೇ, ನಾವು ಇಲ್ಲೇ ಐಕ್ಯ ಆಗ್ತೀವಿ. ದಿನಾ ಹೋಳಿಗಿ ತುಪ್ಪಾ ತಂದು ಇಡ್ರಿ." ಮೈಯೆಲ್ಲಾ ಆ ಬಿಳಿ ಪುಡಿ. ನಾ ನಕ್ಕು ನಕ್ಕು ಕಣ್ಣಾಗ ನೀರು ತಗದೆ. ಸುಮ್ಮನಿರದೆ ಮನಿಗಿ ಬಂದು ಅತ್ತಿ ಮುಂದ, ಆಳುಗಳ ಮುಂದ ಅದೇ ನಾಟಕ ಆಡಿ ತೋರಿಸಿದ. ನಾ ಒಳಗ ಹೋಗಿದ್ದೆ ಅನ್ನೋದೊಂದು ಮಾತ್ರ ಹೇಳಲಿಲ್ಲ. ಹೇಳಬಾರದು ಅನ್ನೋದು ಇಬ್ಬರಿಗೂ ತಿಳಿದಿತ್ತು.

ಆಮ್ಯಾಲ ನಾ ಒಳಗ ಹೋಗಲಿಲ್ಲ. ಬುತ್ತಿ ಒಯ್ದಾಗ ಗವಿ ಬಾಯಾಗ ಕೂಡ್ತಿದ್ದೆ. ಆ ಇಳಿಬಿದ್ದ ಕಲ್ಲು ಬಡಿದ್ರ ಠಣ್ ಅಂತ ನಾದ ಬರ್ತಿತ್ತು, ಎಷ್ಟೋ ಒಳಗಿಂದ ಬಡಿದ್ರೂ ಬಾಯಿತನಕ ಕೇಳಿಸ್ತಿತ್ತು. ಅದಕ್ಕ ನಮ್ಮದೊಂದು ಗುರ್ತು ಮಾಡಿಕೊಂಡಿದ್ವಿ. ನಿಧಾನಕ, ಬಿಟ್ಟು ಬಿಟ್ಟು ಬಡಿದ್ರ, "ಆರಾಮ ಇದ್ದೀನಿ, ಇನ್ನೂ ಮುಂದ ಹೊಂಟೀನಿ." ಗಡಿಬಿಡಿಲೆ ಬಡಿದ್ರ, "ಸಿಕ್ಕೊಂಡೀನಿ, ಮಂದಿ ಕರಕೊಂಡು ಬರ್ರಿ." ನಾ ಬಾಯಾಗಿನ ಕಲ್ಲಿಗಿ ಬಡಿದು, ಕೇಳಿಸ್ತು ಅಂತ ಓಗೊಡಬೇಕು. ಗಡಿಬಿಡಿ ಸದ್ದು ಆ ಬ್ಯಾಸಿಗಿ ಪೂರಾ ಒಮ್ಮೆಯೂ ಬರಲಿಲ್ಲ.

ಶ್ರಾವಣ ಬಂತು. ಮಳಿ ಹಿಡಿದು ಕುಂತಿತ್ತು. ಅಂವಗ ಹೊಸಾ ಹುರುಪು. "ಒಳಗ ಗಾಳಿ ಬೀಸ್ತದ್ರಿ ವೈನಿ. ಗಾಳಿ ಬರ್ತದಂದ್ರ ಇನ್ನೊಂದು ಬಾಯಿ ಎಲ್ಲೋ ಅದ. ಅದನ್ನ ಹುಡುಕೇ ಬಿಡ್ತೀನಿ," ಅಂದ. ಸೋಮವಾರ, ಹಬ್ಬದಡಗಿ, ನಮ್ಮನಿಯವರೂ ಉದಗೀರದಿಂದ ಬಂದಿದ್ರು. ಇವತ್ತೊಂದು ದಿನ ಬ್ಯಾಡೋ ಅಂದ್ರ ಕೇಳಲಿಲ್ಲ. ಊಟಕ್ಕ ಬರ್ತೀನಿ, ಹೋಳಿಗಿ ತಗದಿಡ್ರಿ ಅಂತ ಹೋದ. ಮಧ್ಯಾಹ್ನ ಎಡಿ ಹಿಡಿಯೋ ಹೊತ್ತಿಗಿ ಸುಣ್ಣಗಾರರ ಹಿರಿಯಾ ಓಡಿಕೋತ ಬಂದ. ಮಳಿಗಿ ನೆನದು ನೆನದು ಗವಿ ಬಾಯಿ ಮ್ಯಾಲಿನ ಗ್ವಾಡಿ ಕುಸಿದಿತ್ತು. ಬಾಯಿ ಪೂರಾ ಮುಚ್ಚಿತ್ತು.

ಊರೇ ಓಡಿತು. ನಾನೂ ಓಡಿದೆ, ಎಸರು ಒಲಿ ಮ್ಯಾಲೇ ಬಿಟ್ಟು. ಕಲ್ಲಿನ ರಾಶಿ ಮುಂದ ಎಲ್ಲಾರೂ ನಿಂತು ಬಾಯಿ ಬಡಕೊಳ್ಳಿಕ್ಕತ್ತಿದ್ರು. ಆವಾಗ ಒಳಗಿಂದ ಸದ್ದು ಬಂತು. ಠಣ್ ಠಣ್ ಠಣ್ ಠಣ್, ಉಸಿರು ಬಿಡದಂಗ. ಗಡಿಬಿಡಿ ಸದ್ದು. ನನ್ನ ಜೀವಕ್ಕ ಜೀವ ಬಂತು. ಅದಾನ, ಗವಿ ಬಾಯಿ ಹಂತೇಲೇ ಅದಾನ ಅಂತ ಒದರಿದೆ. ಒಂದು ಕಲ್ಲು ತಗೊಂಡು ಓಗೊಟ್ಟೆ. ಸುಣ್ಣಗಾರರು ಕಬ್ಬಿಣದ ಹಾರಿ ತಂದು ಕಲ್ಲು ಕೀಳಲಿಕ್ಕೆ ಸುರು ಮಾಡಿದ್ರು. ಒಂದಿಷ್ಟು ಕಿತ್ತಿದ್ರೋ ಇಲ್ಲೋ, ಮ್ಯಾಲಿಂದ ಇನ್ನೊಂದು ಬಂಡಿಗಲ್ಲು ಉರುಳಿ ಬಂದು ಒಬ್ಬ ಹುಡುಗನ ಕಾಲ ಮ್ಯಾಲ ಬಿತ್ತು. ಅಂವನ ಕಾಲು ಮುರೀತು. ಎಲ್ಲಾರೂ ಹಿಂದ ಸರದ್ರು. ಮಳಿ ನಿಲ್ಲಲಿ, ಆಮ್ಯಾಲ ನೋಡೋಣು ಅಂದ್ರು. ಹೆದರಿಕಿ ಆಗಿತ್ತು, ಅದನ್ನ ನಾ ತಪ್ಪು ಅನ್ನಂಗಿಲ್ಲ. ಹೆದರಿಕಿ ಆಗ್ಯಾದ ಅಂತ ಬಾಯಿಬಿಟ್ಟು ಹೇಳಿದ್ರ ನನಗ ಇಷ್ಟು ಸಿಟ್ಟೇ ಇರತಿರಲಿಲ್ಲ.

ಮರುದಿನ ಮಠದ ಅಯ್ಯನವರು ಬಂದ್ರು. ಕಲ್ಲಿಗಿ ಕಿವಿ ಹಚ್ಚಿದ್ರು. ಸದ್ದು ಬರಲಿಕ್ಕತ್ತಿತ್ತು. ಭಾಳ ಹೊತ್ತು ಕೇಳಿ, ಎದ್ದು ನಿಂತು, "ಇದು ಗಂಟಿ ನಾದ. ಒಳಗ ಪೂಜಾ ನಡದಾದ," ಅಂದ್ರು. ಅತ್ತಿನ್ನ ಕರದು ಕೇಳಿದ್ರು, ಮಗ ಹೋಗೂಕಿಂತ ಮೊದಲು ಏನರೆ ಅಂದಿದ್ನೇನು ಅಂತ. ಅತ್ತಿ ಅಳಕೋತ ಒಂದೊಂದೇ ಬಿಚ್ಚಿದ್ರು. ಸಂಸಾರ ಒಲ್ಲೆ ಅಂದಿದ್ದ. ಗವ್ಯಾಗೇ ಐಕ್ಯ ಆಗ್ತೀನಿ ಅಂದಿದ್ದ. ಮೈತುಂಬ ವಿಭೂತಿ ಬಳಕೊಂಡು ಬರ್ತಿದ್ದ. ಈ ದರಿ ಸುತ್ತ ಅಂವಾ ಅಡ್ಡಾಡಲಿಕ್ಕೆ ಹತ್ತಿದ ಮ್ಯಾಲೇ ಝರಿಗಿ ಅರಿಶಿಣ ಬಂದಿತ್ತು. ಹೋದದ್ದು ಶ್ರಾವಣ ಸೋಮವಾರ. ಅಯ್ಯನವರ ಕಣ್ಣಾಗ ನೀರು ಬಂತು. ಸುಳ್ಳು ನೀರಲ್ಲ ಅವು, ಅದೇ ದೊಡ್ಡ ಕರ್ಮ. ಆ ಹುಡುಗನ ಕಾಲು ಯಾಕ ಮುರೀತು ಅನ್ನೋದೂ ಈಗ ತಿಳೀತು ಅಂದ್ರು, ಗದ್ದುಗಿ ಮ್ಯಾಲ ಹಾರಿ ಹಾಕಬಾರದು ಅಂತ ಶಿವನೇ ತೋರಿಸಿಕೊಟ್ಟಾನ ಅಂದ್ರು. ಮಂದಿ ಹರ ಹರ ಮಹಾದೇವ ಅಂದ್ರು. ಎಲ್ಲಾರ ಮಾರಿ ಮ್ಯಾಲಿನ ಭಾರ ಇಳೀತು. ಇನ್ನ ಯಾರೂ ಆ ಕಲ್ಲಿನ ಕೆಳಗ ಹೋಗಬೇಕಾಗಿಲ್ಲಲ್ಲ! ಸುಣ್ಣಗಾರರ ಹಿರಿಯಾನೂ ಹಾರಿ ಕೆಳಗಿಟ್ಟು ಕೈ ಮುಗದ. ಗದ್ದುಗಿ ಒಡದಾಂವ ಅಂತ ಯಾರು ಅನಿಸಿಕೋತಾರ?

ನಾ ನಡುವ ನುಗ್ಗಿದೆ. ಸೆರಗು ಬಿದ್ದದ್ದೂ ಖಬರಿಲ್ಲ. "ಅದು ಗಂಟಿ ಅಲ್ರಿ! ಸಿಕ್ಕೊಂಡೀನಿ, ಬರ್ರಿ ಅಂತ ಬಡೀಲಿಕ್ಕತ್ಯಾನ. ಆ ಗುರ್ತು ನನಗ ಗೊತ್ತದ!" ಅಂದೆ.

"ನಿನಗ ಹ್ಯಾಂಗ ಗೊತ್ತವ್ವಾ?" ಅಂದ್ರು ಅಯ್ಯನವರು, ಮೆತ್ತಗ.

ಹೇಳಿದೆ. ನಾ ಒಳಗ ಹೋಗೀನಿ, ನೋಡೀನಿ, ಬಾಯಾಗ ಕುಂತು ಓಗೊಟ್ಟೀನಿ, ಝರಿ ಅರಿಶಿಣ ನನ್ನ ಮಡಕಿದು, ಎಲ್ಲಾ ಹೇಳಿದೆ. ಹೇಳಿದ ಮ್ಯಾಲ ಸುತ್ತ ನೋಡಿದೆ. ಒಬ್ಬರೂ ಕಲ್ಲಿನ ಕಡಿ ನೋಡಲಿಕ್ಕತ್ತಿಲ್ಲ. ಎಲ್ಲಾರೂ ನನ್ನ ಕಡಿ. ಗಂಡ ಉದಗೀರದಾಗಿದ್ದಾಗ ಮೈದುನನ ಜೋಡಿ ಗವ್ಯಾಗ ಹೋದಾಕಿ! ಒಳಗ ಒಂದು ಜೀವ ಬಡಕೊಳ್ಳಿಕ್ಕತ್ಯಾದ, ಇವರಿಗಿ ಇದು ದೊಡ್ಡದಾತು.

ನಮ್ಮನಿಯವರು ನನ್ನ ರಟ್ಟಿ ಹಿಡದು ಎಳಕೊಂಡು ಮನಿಗಿ ತಂದ್ರು. ನನ್ನ ಮ್ಯಾಲ ಅವರಿಗಿ ಸಂಶಯ ಇರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ತಮ್ಮ ಎಂಥಾಂವ, ನಾ ಎಂಥಾಕಿ, ಚೆಂದಾಗಿ ಗೊತ್ತಿತ್ತು. "ನಿಲಂಗಾಕ್ಕ ಹೋಗಿ ಅಮೀನ ಸಾಹೇಬರನ್ನ ಕರಕೊಂಡು ಬರ್ರಿ, ಪೋಲೀಸ ಮಂದಿ ನಿಂತ್ರ ಎಲ್ಲಾರೂ ಕಲ್ಲು ಕೀಳ್ತಾರ, ನಿಮ್ಮ ಕಾಲಿಗಿ ಬೀಳ್ತೀನಿ," ಅಂದೆ. ಅವರು ನನ್ನ ಮಾರಿ ನೋಡಲಿಲ್ಲ. "ಅಮೀನ ಬಂದ್ರ ಮೊದಲ ನಿನ್ನನ್ನೇ ಕೇಳ್ತಾನ, ಒಳಗ ಯಾಕ ಹೋಗಿದ್ದಿ ಅಂತ. ಆಮ್ಯಾಲ ನಾ ಅಂಗಡ್ಯಾಗ ಹ್ಯಾಂಗ ಕೂಡ್ಲಿ?" ಅಂದ್ರು. ಕಾಳಿನ ಕೋಣ್ಯಾಗ ನನ್ನ ನೂಕಿ ಹೊರಗಿಂದ ಚಿಲಕ ಹಾಕಿದ್ರು.

ಸ್ವಂತ ತಮ್ಮ! ಒಂದೇ ಹೊಟ್ಟ್ಯಾಗ ಹುಟ್ಟಿದ ತಮ್ಮ! ಜೋಳದ ಚೀಲಕ್ಕ ಹಣಿ ಬಡಕೊಂಡೆ, ಬಾಗಲಾ ಬಡದೆ, ಇದ್ದಬಿದ್ದ ಶಾಪ ಹಾಕಿದೆ. ಹೊರಗ ಭಜನಿ ಸುರು ಆಗಿತ್ತು. ಆಮ್ಯಾಲ ಕಿಟಕ್ಯಾಗಿಂದ ಸುಟ್ಟ ಸುಣ್ಣಕ್ಕ ನೀರು ಹಾಕಿದ ವಾಸನಿ ಬಂತು. ಗದ್ದುಗಿ ಕಟ್ಟಲಿಕ್ಕೆ ಗಚ್ಚು ಕಲಸಲಿಕ್ಕತ್ತಿದ್ರು. ಅದೇ ದರಿ ಕಲ್ಲು, ಅದೇ ಭಟ್ಟ್ಯಾಗ ಸುಟ್ಟಿದ್ದು. ಅಂವಾ ಅಲ್ಲಿ ಬಡದು, ನನ್ನ ಓಗೊಡೋ ಸದ್ದಿಗಿ ಕಾಯ್ತಿರತಾನ, ವೈನಿ ಯಾಕ ಸುಮ್ಮನಾದ್ರು ಅಂತಿರತಾನ... ಆ ಹೊತ್ತು ನಾ ಹ್ಯಾಂಗ ಕಳದೆ ಅನ್ನೋದು ಹೇಳಲಿಕ್ಕೆ ಬರಂಗಿಲ್ಲ.

ಬಾಗಲಾ ಯಾಕ ತೆರೀತು ಗೊತ್ತೇನು? ನನ್ನ ಮ್ಯಾಲ ಕರುಣಾ ಬಂದು ಅಲ್ಲ. ಗದ್ದುಗಿ ಮುಂದ ದಾಸೋಹ, ಅದಕ್ಕ ಜೋಳಾ ಬೇಕಾಗಿತ್ತು. ಅತ್ತಿ ಚಿಲಕ ತಗದ್ರು. ನಾ ಅವರನ್ನ ದೂಡಿಕೊಂಡೇ ಓಡಿದೆ. ದರಿಗಿ ಹೋಗಿ ನೋಡ್ತೀನಿ, ಗವಿ ಬಾಯಿಗಿ ಸೊಂಟದೆತ್ತರ ಕಟ್ಟಿ ಎದ್ದಾದ, ಬಾಳಿ ಕಂಬಾ ನಿಂತಾವ, ಊದಿನಕಡ್ಡಿ ಹೊಗಿ. ಸದ್ದು ಮಾತ್ರ ಇಲ್ಲ. ಗೌಂಡಿ ಕೈಯಾಗಿನ ಸುತ್ತಿಗಿ ಕಸಗೊಂಡು ಹಸಿ ಗಚ್ಚಿನ ಮ್ಯಾಲೇ ಏರಿ ಹಿಂದಿನ ಬಂಡಿಗಲ್ಲಿಗಿ ಬಡದೆ. ನಾ ಬಂದೀನಿ, ಕೇಳಿಸ್ತದ, ಬಂದೀನಿ. ಯಾರೋ ನನ್ನ ಹಿಡೀಲಿಕ್ಕೆ ಬಂದ್ರು. ಅಷ್ಟರಾಗ ಒಳಗಿಂದ ಉತ್ತರ ಬಂತು.

ಠಣ್... ಠಣ್...

ನಿಧಾನಕ. ಬಿಟ್ಟು ಬಿಟ್ಟು. ಭಾಳ ದೂರದಿಂದ. "ಆರಾಮ ಇದ್ದೀನಿ. ಇನ್ನೂ ಮುಂದ ಹೊಂಟೀನಿ."

ಇನ್ನೊಂದು ಬಾಯಿ ಹುಡುಕಿಕೋತ ಖರೇನೇ ಒಳಗ ಹೊಂಟಿದ್ನೋ, ಇಲ್ಲಾ ಇನ್ನ ಯಾರೂ ಬರಂಗಿಲ್ಲ ಅಂತ ತಿಳದು ವೈನಿಗಿ ಸಮಾಧಾನ ಇರಲಿ ಅಂತ ಹಂಗ ಬಡದ್ನೋ. ನನಗ ಗೊತ್ತಿಲ್ಲ. ಅವ್ವ ನಗಲಿ ಅಂತ ಸುಮ್ಮನಾದಾಂವ ಅಂವಾ. ಅದೇ ಕಡೀ ಸದ್ದು.

ನನ್ನ ಸುತ್ತ ಮಂದಿ ಕುಣೀಲಿಕ್ಕತ್ತಿದ್ರು. ಶರಣರು ಓಗೊಟ್ರು! ಅತ್ತಿ ಹಿಂದಿಂದ ಬಂದು ನನ್ನ ತಬ್ಬಿಕೊಂಡು, "ಪುಣ್ಯವಂತಿ ಇದ್ದಿ ನನ್ನವ್ವಾ, ನನ್ನ ಮಗ ನಿನಗ ಒಬ್ಬಾಕಿಗೇ ಮಾತಾಡಿದ," ಅಂತ ಅತ್ರು. ಅಯ್ಯನವರು ನನ್ನ ಹಣಿಗಿ ವಿಭೂತಿ ಹಚ್ಚಿದ್ರು. ಮೊನ್ನೆ ತನಕ ಗವಿಗಿ ಹೋದಾಕಿ, ಇವತ್ತು ಶರಣರ ಪ್ರಸಾದ ಪಡದಾಕಿ. ನಮ್ಮನಿಯವರ ಮಾರಿಗಿ ಕಳಾ ಬಂತು. ಅಂವನ ಆ ಸದ್ದು ನನ್ನ ಮಾನ ಉಳಿಸ್ತಂತ. ಥೂ! ಯಾರಿಗಿ ಬೇಕಾಗಿತ್ತು ಆ ಮಾನ?

ಆಮ್ಯಾಲ ನಾ ಸುಮ್ಮನ ಕೂಡಲಿಲ್ಲ. ಗಾಳಿ ಬರ್ತದಂದ್ರ ಇನ್ನೊಂದು ಬಾಯಿ ಅದ ಅಂದಿದ್ನಲ್ಲ. ಕೈಯಾಗ ಒಂದು ಕಲ್ಲು ಹಿಡಕೊಂಡು ದರಿ ಉದ್ದಕ್ಕೂ ತಿರುಗಿದೆ, ಎರಡೂ ದಂಡಿಗಿ. ಕಂಡ ಕಂಡ ಬಿರುಕಿಗಿ ಬಡದು ಕಿವಿ ಹಚ್ಚಿದೆ. ಝರಿತನಕ ಹೋದೆ, ಮತ್ತ ತಿರುಗಿ ಬಂದೆ. ನನ್ನ ಯಾರೂ ತಡೀಲಿಲ್ಲ. ತಡಿಯೋದು ಎಲ್ಲಿ, ನನ್ನ ಹಿಂದ ಹೆಂಗಸರು ಹತ್ತಿದ್ರು, ಅವರೂ ಕೈಯಾಗ ಕಲ್ಲು ಹಿಡಕೊಂಡು, ನಾ ಬಡದಲ್ಲಿ ಬಡದು ಕೈ ಮುಗಕೋತ. ಇನ್ನೊಂದು ಬಾಯಿ ಹುಡುಕಲಿಕ್ಕೆ ಬರ್ರೇ ಅಂದ್ರ, ಹೂಂ ತಾಯಿ ಅಂತ ನನಗೇ ನಮಸ್ಕಾರ ಮಾಡಿದ್ರು. ಬಾಯಿ ಸಿಗಲಿಲ್ಲ.

ಹಬ್ಬ ಮುಗಿದ ಮ್ಯಾಲ ನಮ್ಮನಿಯವರು ಉದಗೀರಕ್ಕ ಹೋದ್ರು, ಗವಿ ಶರಣರ ಅಣ್ಣನ ಅಂಗಡಿ ಅಂತ ಅಂಗಡಿಗಿ ಮಂದಿ ಹೆಚ್ಚಾತು. ಅತ್ತಿ ಸಾಯೋತನಕ ಗದ್ದುಗಿ ಕಸಾ ಹೊಡದ್ರು. ಮಗ ಸತ್ತ ಅಂತ ಒಂದಿನಾನೂ ಅಳಲಿಲ್ಲ ಆ ತಾಯಿ. ಅವರ ಮ್ಯಾಲ ನನಗ ಸಿಟ್ಟು ಮಾಡಲಿಕ್ಕೂ ಬರಲಿಲ್ಲ, ಕನಿಕರ ಪಡಲಿಕ್ಕೂ ಬರಲಿಲ್ಲ. ಗಂಡನ ಮ್ಯಾಲ ಮಾತ್ರ ಸಿಟ್ಟು ಆರಲೇ ಇಲ್ಲ. ಅವರ ಕೂಡ ಸಂಸಾರ ಮಾಡಿದೆ, ಮಗನ್ನ ಹಡದೆ, ಮುರುಮಕ್ಕ ಬಂದು ಮನಿ ಕಟ್ಟಿದ್ವಿ, ಜಡ್ಡಿನ್ಯಾಗ ಅವರ ಕಾಲು ತಿಕ್ಕಿದೆ. ಶ್ರಾವಣ ಸೋಮವಾರ ಬಂದ್ರ ಆ ಮನ್ಯಾಗ ಒಲಿ ಹಚ್ಚಲಿಲ್ಲ. ಅವರೂ ಯಾಕ ಅಂತ ಕೇಳಲಿಲ್ಲ. ಹೋದ ವರ್ಷ ಅವರೂ ಹೋದ್ರು. ಅವರನ್ನ ಕುಂಡ್ರಿಸಿ, ಎಡಗೈಯಾಗ ಲಿಂಗ ಇಟ್ಟು, ಎಲ್ಲಾರೂ ಹಿಡಿ ಮಣ್ಣು ಕೊಟ್ರು. ನಾನೂ ಕೊಟ್ಟೆ. ಕೊಡುವಾಗ ನನಗ ಅವರ ನೆನಪಾಗಲಿಲ್ಲ. ಗದ್ದುಗಿ ಒಳಗಿನಾಂವಗ ಒಬ್ಬರೂ ಹಿಡಿ ಮಣ್ಣು ಕೊಟ್ಟಿಲ್ಲಲ್ಲ ಅನ್ನೋದೇ ನೆನಪಾತು. ಶರಣ ಅಂತ ಪಲ್ಲಕ್ಕಿ ಕಟ್ಟಿದ್ರು, ಮಣ್ಣು ಮಾಡೋದು ಮರತ್ರು.

ನಿನ್ನದೂ ತಪ್ಪಿಲ್ಲೇನು ಅಂತ ಒಮ್ಮೆ ನನ್ನ ತಂಗಿ ಕೇಳಿದ್ಳು. ಇಲ್ಲ. ನಂದೇನೂ ತಪ್ಪಿಲ್ಲ. ನಾ ಒದರಿ ಹೇಳಿದ್ದೆ, ನನ್ನ ಮಾನ ಒತ್ತೆ ಇಟ್ಟು ಹೇಳಿದ್ದೆ. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ.

ಇಷ್ಟು ಹೇಳಿ ಮುಗಿಸೋ ಹೊತ್ತಿಗಿ ಸೊಸಿ ಮಾರಿ ಬಿಳಚಿಕೊಂಡಿತ್ತು. "ಅತ್ತಿ, ಅಲ್ಲಿ ಹೆಂಗಸರು ಕಲ್ಲು ಬಡಕೋತ ದರಿ ಸುತ್ತು ಹಾಕ್ತಾರ್ರಿ," ಅಂದ್ಳು, ಧ್ವನಿ ಸಣ್ಣ ಮಾಡಿ. "ಹರಕಿ ಅದು. ಬಿರುಕಿಗಿ ಬಡದು ಕಿವಿ ಹಚ್ಚಿದ್ರ ಬೇಡಿದ್ದು ಸಿಗ್ತದಂತ... ನಾನೂ ಹಾಕಿ ಬಂದೀನ್ರಿ."

ಅದು ಯಾರು ಹಾಕಿದ ಸುತ್ತು ಅನ್ನೋದು ಈಗ ಆಕಿಗಿ ತಿಳಿದಿತ್ತು. ಊರಿಗಿ ಊರೇ ಇಷ್ಟು ವರ್ಷ ಅಂವಾ ಹೇಳಿದ ಇನ್ನೊಂದು ಬಾಯಿ ಹುಡುಕಲಿಕ್ಕತ್ಯಾದ, ಏನು ಹುಡುಕಲಿಕ್ಕತ್ತೀವಿ ಅನ್ನೋದು ಒಬ್ಬರಿಗೂ ಗೊತ್ತಿಲ್ಲ... ಸೊಸಿ ಎದ್ದು ಪುಡಿಕಿ ತಗೊಂಡು ಹೋಗಿ ಹಿತ್ತಲದ ಬೇಲಿ ಆಚಿ ಝಾಡಿಸಿ ಬಂದ್ಳು. ಕೈ ತೊಳಕೊಂಡ್ಳು. ವಾಸನಿ ಮಾತ್ರ ಕೋಣ್ಯಾಗ ಉಳೀತು.

ಮರುದಿನ ಮುಂಜಾನಿ ನಾ ಜಳಕ ಮಾಡಿ ಸೀರಿ ಉಟಗೊಂಡು ಬಾಗಲದಾಗ ಕುಂತಿದ್ದು ನೋಡಿ ಮಗ ಗಾಬರಿಯಾದ. ಎಲ್ಲಿಗಿ ಅಂದ. ಸುಣ್ಣದರಿಗಿ ಅಂದೆ. ಅಂವಾ ಹೆಂಡತಿ ಮಾರಿ ನೋಡಿದ. ಆಕಿ ಒಳಗಿಂದ ಬುತ್ತಿ ಕಟಗೊಂಡೇ ಬಂದ್ಳು.

"ಗದ್ದುಗಿಗಿ ಕಾಯಿ ತಗೊಳ್ಳಲೇನ್ರಿ ಅತ್ತಿ?" ಅಂದ್ಳು.

"ಕಾಯಿ ಬ್ಯಾಡ," ಅಂದೆ. "ಹಾರಿ ತಗೋ."